ಹಂಪಿಯನ್ನು ಗೈಡ್ ಜೊತೆ ನೋಡುವ ಕ್ರಮ: ಎರಡು ದಿನಗಳ ಸಮಗ್ರ ಮಾರ್ಗದರ್ಶಿ

ಹಂಪಿಗೆ ಹೋಗಿ ಬಂದವರು ಮೊದಲು ತೋರಿಸುವುದು ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಫೋಟೊ. ಆ ರಥ ವಿರೂಪಾಕ್ಷ ದೇವಸ್ಥಾನದಿಂದ ಯಾವ ದಿಕ್ಕಿಗಿದೆ ಎಂದು ಕೇಳಿ ನೋಡಿ, ಬಹಳ ಮಂದಿ ಸುಮ್ಮನಾಗುತ್ತಾರೆ. ಗೈಡ್ ಇದ್ದರು, ಆಟೊ ಇತ್ತು, ಇಪ್ಪತ್ತು ಕಡೆ ಇಳಿದು ಹತ್ತಿದ್ದಾಯಿತು, ಆದರೂ ಊರು ಕಣ್ಣಿಗೆ ಕಟ್ಟಲಿಲ್ಲ. ಈ ಒಂದೇ ದೂರನ್ನು ನಾನು ಇಷ್ಟು ವರ್ಷ ಕೇಳುತ್ತಲೇ ಬಂದಿದ್ದೇನೆ. ಮೊದಲ ಸಲ ಅಮ್ಮನನ್ನು ಕರೆದುಕೊಂಡು ಹೋದಾಗ ನನಗೂ ಹಾಗೆಯೇ ಆಯಿತು.

ತಪ್ಪಾಗುತ್ತಿರುವುದು ಕ್ರಮದಲ್ಲಿ. ಹಂಪಿ ಎಂದರೆ ಒಂದು ಗುಡಿಯೋ ಒಂದು ಕೋಟೆಯೋ ಅಲ್ಲ, ನಲವತ್ತು ಚದರ ಕಿಲೋಮೀಟರಿಗೂ ಮಿಗಿಲಾಗಿ ಹರಡಿಕೊಂಡ ವಿಜಯನಗರ ಸಾಮ್ರಾಜ್ಯದ ಇಡೀ ರಾಜಧಾನಿ. ಯುನೆಸ್ಕೊ ಪಟ್ಟಿಯ ಪ್ರಕಾರ ಅಲ್ಲಿ ಉಳಿದಿರುವ ಅವಶೇಷಗಳೇ 1600ಕ್ಕಿಂತ ಹೆಚ್ಚು. ಇದನ್ನು ಊರಾಗಿ ನೋಡಬೇಕು: ತುಂಗಭದ್ರಾ ಹೊಳೆಯ ದಂಡೆಯ ದೇವಸ್ಥಾನಗಳ ಕೇರಿ, ನಡುವೆ ಕಾಲುವೆಯ ಹಸಿರು ಕಣಿವೆ, ಆಚೆಗೆ ಅರಮನೆಯ ಭಾಗ. ಈ ಮೂರರ ಸಂಬಂಧ ಮನಸ್ಸಿಗೆ ಬಂದರೆ ಒಂದೊಂದು ಕಲ್ಲೂ ತನ್ನ ಜಾಗದಲ್ಲಿ ಕೂರುತ್ತದೆ. ಕೆಳಗಿನ ಕ್ರಮವನ್ನು ಅದಕ್ಕೆಂದೇ ಹೊಂದಿಸಿದ್ದೇನೆ.

ಹಂತ 1: ದಿನ ಮತ್ತು ವಾರ ನಿಶ್ಚಯಿಸಿ

ಅಕ್ಟೋಬರ್‌ನಿಂದ ಫೆಬ್ರುವರಿವರೆಗೆ ಹೋಗುವುದು ಒಳ್ಳೆಯದು. ಮಾರ್ಚ್ ಮುಗಿಯುತ್ತಿದ್ದಂತೆ ಬಂಡೆಗಳು ಕಾದು ಹೆಂಚಾಗುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಬಿಸಿಲಿನಲ್ಲಿ ಎಷ್ಟೇ ಒಳ್ಳೆಯ ಗೈಡ್ ಹೇಳಿದರೂ ಕಿವಿಗೆ ಇಳಿಯುವುದಿಲ್ಲ. ಮಳೆಗಾಲದಲ್ಲಿ ಊರು ಹಸಿರಾಗಿರುತ್ತದೆ. ಆದರೆ ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟಾಗ ಹೊಳೆಯ ದಡದ ಪುರಂದರ ಮಂಟಪ ಮುಳುಗುತ್ತದೆ, ಹೊಳೆಯಂಚಿನ ದಾರಿ ಮುಚ್ಚುತ್ತದೆ, ತೆಪ್ಪಗಳು ನಿಲ್ಲುತ್ತವೆ. ಆಗ ಹೋಗುವವರು ಹಂತ 7ರಲ್ಲಿ ಹೇಳಿರುವ ಬದಲಿ ದಾರಿಯನ್ನು ಮೊದಲೇ ಓದಿಕೊಳ್ಳಿ.

ವಾರದ ಆಯ್ಕೆಯೂ ಮುಖ್ಯ. ಕಮಲಾಪುರದ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ನಮ್ಮ ಯೋಜನೆಯಲ್ಲಿ ಅದು ಮೊದಲ ದಿನದ ಮಧ್ಯಾಹ್ನಕ್ಕೆ ಬರುವುದರಿಂದ ಶುಕ್ರವಾರ ಶುರು ಮಾಡಬೇಡಿ. ಶನಿವಾರ, ಭಾನುವಾರ ವಿಠ್ಠಲ ದೇವಸ್ಥಾನದ ಮುಂದಿನ ಸಾಲು ಬಹಳ ಉದ್ದವಾಗುತ್ತದೆ. ಸೋಮವಾರದಿಂದ ಬುಧವಾರದೊಳಗೆ ಆರಂಭಿಸಿದರೆ ಎರಡೂ ತಾಪತ್ರಯ ತಪ್ಪುತ್ತದೆ.

ಹಂತ 2: ಎಲ್ಲಿ ಉಳಿಯುವುದು, ಏನು ಒಯ್ಯುವುದು

ಹತ್ತಿರದ ದೊಡ್ಡ ರೈಲು ನಿಲ್ದಾಣ ಹೊಸಪೇಟೆ, ಹಂಪಿಯಿಂದ ಸುಮಾರು 13 ಕಿಲೋಮೀಟರ್. ಬೆಂಗಳೂರಿನಿಂದ ರಾತ್ರಿ ಹೊರಡುವ ಹಂಪಿ ಎಕ್ಸ್‌ಪ್ರೆಸ್ ಬೆಳಗ್ಗೆ ಅಲ್ಲಿಗೆ ಮುಟ್ಟುತ್ತದೆ. ಅಲ್ಲಿಂದ ಬಸ್ ಮತ್ತು ಆಟೊ ಸಿಗುತ್ತವೆ. ಉಳಿಯುವುದಕ್ಕೆ ಕಮಲಾಪುರ ಅಥವಾ ಹಂಪಿಯನ್ನೇ ಆರಿಸಿ. ಹೊಸಪೇಟೆಯಲ್ಲಿ ಉಳಿದರೆ ಬೆಳಗಿನ ತಂಪು ಹೊತ್ತಿನ ಒಂದು ಗಂಟೆ ದಾರಿಯಲ್ಲೇ ಕಳೆಯುತ್ತದೆ.

ಒಬ್ಬರಿಗೆ ಎರಡು ಲೀಟರ್ ನೀರು, ಟೋಪಿ, ಗಟ್ಟಿ ಅಟ್ಟೆಯ ಚಪ್ಪಲಿ ಅಥವಾ ಷೂ, ಒಂದು ಚಿಕ್ಕ ಟಾರ್ಚ್, ಸಣ್ಣ ನೋಟುಗಳು, ಗುರುತಿನ ಚೀಟಿ ಇವಿಷ್ಟು ಬೇಕು. ಇದಕ್ಕೆ ಒಂದು ಜೊತೆ ಹಳೆಯ ಕಾಲುಚೀಲ ಸೇರಿಸಿಕೊಳ್ಳಿ. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟು ಹತ್ತು ಗಂಟೆಯ ಬಿಸಿಲಿನಲ್ಲಿ ಕಲ್ಲಿನ ಅಂಗಳ ದಾಟುವಾಗ ಅದರ ಬೆಲೆ ಗೊತ್ತಾಗುತ್ತದೆ. ಬಾಳೆಹಣ್ಣನ್ನು ಕೈಯಲ್ಲಿ ಹಿಡಿದು ನಡೆಯಬೇಡಿ, ಕೋತಿಗಳು ಕಸಿಯುತ್ತವೆ. ಕೈಗೆ ಪರಚಿದರೆ ಪ್ರವಾಸ ಅಲ್ಲಿಗೇ ನಿಲ್ಲುತ್ತದೆ.

ಬಂಡೆಗಳ ಸಂದಿಯಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ನಕ್ಷೆಯನ್ನು ಮೊದಲೇ ಮೊಬೈಲ್‌ಗೆ ಇಳಿಸಿಟ್ಟುಕೊಳ್ಳಿ. ಕಾಗದದ ನಕ್ಷೆಯೊಂದಿದ್ದರೆ ಇನ್ನೂ ಒಳ್ಳೆಯದು, ಗೈಡ್ ಹೇಳಿದ್ದನ್ನು ಅದರ ಮೇಲೆಯೇ ಬರೆದುಕೊಳ್ಳಬಹುದು.

ಹಂತ 3: ಗೈಡ್ ಆಯ್ಕೆ

ಹೆಚ್ಚಿನವರು ಎಡವುವುದು ಇಲ್ಲೇ. ಬಸ್ಸಿನಿಂದ ಇಳಿದ ಕೂಡಲೇ ಆಟೊ ಚಾಲಕರೊಬ್ಬರು "ಎಲ್ಲಾ ತೋರಿಸುತ್ತೇನೆ" ಎನ್ನುತ್ತಾರೆ. ಅವರಲ್ಲಿ ಎಷ್ಟೋ ಮಂದಿಗೆ ದಾರಿ ಚೆನ್ನಾಗಿ ಗೊತ್ತು, ಪ್ರಾಮಾಣಿಕರೂ ಹೌದು. ಆದರೆ ಅವರು ನಿಮ್ಮನ್ನು ಬಾಗಿಲಲ್ಲಿ ಇಳಿಸುತ್ತಾರೆ, ಒಳಗೆ ಬಂದು ವಿವರಿಸುವುದಿಲ್ಲ. ಆಟೊ ಬೇರೆ, ಗೈಡ್ ಬೇರೆ. ಎರಡಕ್ಕೂ ಬೇರೆ ಬೇರೆಯಾಗಿ ಮಾತಾಡಿ.

ಪ್ರವಾಸೋದ್ಯಮ ಇಲಾಖೆಯಿಂದ ಮಾನ್ಯತೆ ಪಡೆದ ಗೈಡ್‌ಗಳಿಗೆ ಫೋಟೊ ಇರುವ ಗುರುತಿನ ಚೀಟಿ ಇರುತ್ತದೆ. ಮೊದಲು ಅದನ್ನು ನೋಡಿ. ಕೇಳುವುದಕ್ಕೆ ಸಂಕೋಚ ಬೇಡ, ನಿಜವಾದ ಗೈಡ್ ಯಾರೂ ಬೇಸರಪಟ್ಟುಕೊಳ್ಳುವುದಿಲ್ಲ. ಆಮೇಲೆ ನಾಲ್ಕು ವಿಷಯಗಳನ್ನು ಮಾತಿನಲ್ಲೇ ಖಚಿತ ಮಾಡಿಕೊಳ್ಳಿ: ಅರ್ಧ ದಿನವೋ ಇಡೀ ದಿನವೋ, ಎಷ್ಟು ಗಂಟೆಗೆ ಶುರು ಎಷ್ಟಕ್ಕೆ ಮುಕ್ತಾಯ, ಎಷ್ಟು ಜನಕ್ಕೆ ಎಷ್ಟು ಹಣ, ಯಾವ ಭಾಷೆ. ಕನ್ನಡದಲ್ಲೇ ಹೇಳಬೇಕೆಂದು ಕೇಳಿ. ಅಲ್ಲಿನ ಶಾಸನಗಳ ಪದಗಳು, ಊರು ಕೇರಿಗಳ ಹೆಸರುಗಳು, ಜನರ ಬಾಯಲ್ಲಿರುವ ಕಥೆಗಳು ಕನ್ನಡದಲ್ಲಿ ಬಂದಾಗಲೇ ಜೀವ ಹಿಡಿಯುತ್ತವೆ.

ಇನ್ನೊಂದು ಮಾತನ್ನು ತಪ್ಪದೇ ಹೇಳಿಬಿಡಿ: "ಜಾಗಗಳು ಕಡಿಮೆಯಾದರೂ ಪರವಾಗಿಲ್ಲ, ಒಂದಕ್ಕೊಂದು ಹೇಗೆ ಸೇರುತ್ತದೆ ಎಂದು ಹೇಳಿ." ಗೈಡ್ ಮುಖ ಅರಳಿದರೆ ಸರಿಯಾದವರೇ ಸಿಕ್ಕಿದ್ದಾರೆ ಎಂದುಕೊಳ್ಳಿ. ಎಣಿಕೆಗೆ ತೋರಿಸಿ ತೋರಿಸಿ ಅವರಿಗೂ ಸಾಕಾಗಿರುತ್ತದೆ.

ಎಚ್ಚರಿಕೆಯ ಗುರುತುಗಳು

ನಾಲ್ಕು ಗಂಟೆಯಲ್ಲಿ ಇಪ್ಪತ್ತೈದು ಸ್ಥಳ ಎಂಬ ಭರವಸೆ ಕೊಡುವವರನ್ನು ಬಿಡಿ. ಮೊದಲ ಅರ್ಧ ಗಂಟೆಯೊಳಗೆ ಅಂಗಡಿಯ ಮುಂದೆ ನಿಲ್ಲಿಸಿದರೆ ನಯವಾಗಿ ಬೇಡವೆನ್ನಿ. "ಸಂಗೀತದ ಕಂಬ ತಟ್ಟಿ ತೋರಿಸುತ್ತೇನೆ" ಎಂದರೆ ಆ ಕ್ಷಣವೇ ತಡೆಯಿರಿ. ವಿಠ್ಠಲ ದೇವಸ್ಥಾನದ, ತಟ್ಟಿದರೆ ನಾದ ಬರುವ ಆ ಕಂಬಗಳನ್ನು ತಟ್ಟುವುದು ನಿಷಿದ್ಧ, ಕಂಬಗಳಿಗೆ ಪೆಟ್ಟು ಬಿದ್ದು ಬಿದ್ದು ಹಾನಿಯಾಗಿಯೇ ಆ ಕಟ್ಟುಪಾಡು ಬಂದಿದೆ. ವಿರೂಪಾಕ್ಷ ದೇವಸ್ಥಾನದ ಪಕ್ಕದ ಹೇಮಕೂಟ ಗುಡ್ಡದ ಮೇಲಿನ ಮೆಟ್ಟಿಲು ಮೆಟ್ಟಿಲಾದ ಶಿಖರಗಳ ಗುಡಿಗಳನ್ನು "ಜೈನ ಬಸದಿಗಳು" ಎಂದು ಹೇಳಿ ಮುಂದೆ ನಡೆದರೂ ಅನುಮಾನಪಡಿ. ಆಕಾರ ನೋಡಿ ಹಾಗೆ ಕರೆಯುವ ರೂಢಿ ಬೆಳೆದಿದೆ, ಆದರೆ ಅವು ಶಿವಾಲಯಗಳು. ಒಳ್ಳೆಯ ಗೈಡ್ ಈ ತಪ್ಪನ್ನು ತಾವಾಗಿಯೇ ತಿದ್ದಿ ಹೇಳುತ್ತಾರೆ.

ಹಂತ 4: ಒಂದು ಪ್ರಶ್ನೆಯನ್ನು ಕಲಿತುಕೊಳ್ಳಿ

ಯಾವ ಜಾಗದಲ್ಲಿ ನಿಂತರೂ ಗೈಡ್‌ಗೆ ಕೇಳಬೇಕಾದ ಪ್ರಶ್ನೆ ಒಂದೇ: "ಇದು ನಮಗೆ ಗೊತ್ತಾದದ್ದು ಎಲ್ಲಿಂದ?" ಹಂಪಿಯಲ್ಲಿ ಉತ್ತರ ಸಾಮಾನ್ಯವಾಗಿ ನಾಲ್ಕು ಕಡೆಯಿಂದ ಬರುತ್ತದೆ. ಶಾಸನ ಹೇಳುತ್ತದೆ, ಹೊರಗಿನಿಂದ ಬಂದ ಪ್ರವಾಸಿ ಬರೆದಿದ್ದಾನೆ, ಅಗೆದಾಗ ಸಿಕ್ಕಿದೆ, ಇಲ್ಲವೇ ಊರ ಜನ ಹಾಗೆ ಕರೆಯುತ್ತಾ ಬಂದಿದ್ದಾರೆ.

ಈ ನಾಲ್ಕಕ್ಕೂ ತೂಕ ಬೇರೆ ಬೇರೆ. ಕೃಷ್ಣ ದೇವಸ್ಥಾನ ಉದಯಗಿರಿಯ ವಿಜಯದ ನಂತರ ಕೃಷ್ಣದೇವರಾಯ ಕಟ್ಟಿಸಿದ್ದು ಎನ್ನುವುದಕ್ಕೆ ಶಾಸನವಿದೆ. ಮಹಾನವಮಿ ಉತ್ಸವದ ವೈಭವವನ್ನು 1520ರ ಆಸುಪಾಸಿನಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಅದಕ್ಕೂ ಮುಂಚೆ 1443ರಲ್ಲಿ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಕಣ್ಣಾರೆ ಕಂಡು ಬರೆದಿದ್ದಾರೆ. ಆದರೆ "ಕಮಲ ಮಹಲ್", "ರಾಣಿಯರ ಸ್ನಾನಗೃಹ" ಎಂಬ ಹೆಸರುಗಳು ಸಾಮ್ರಾಜ್ಯ ಮುಗಿದ ಎಷ್ಟೋ ಕಾಲದ ಮೇಲೆ ಬಂದವು. ಅಲ್ಲಿ ರಾಣಿಯರೇ ಮೀಯುತ್ತಿದ್ದರು ಎಂದು ಹೇಳುವ ಶಾಸನವೇನೂ ಇಲ್ಲ. ಈ ಪ್ರಶ್ನೆ ಕೇಳುವ ಉದ್ದೇಶ ಗೈಡ್‌ರನ್ನು ಪರೀಕ್ಷಿಸುವುದಲ್ಲ. ಎರಡು ಮೂರು ಸಲ ಕೇಳಿದ ಮೇಲೆ ಅವರೇ "ಇದು ಶಾಸನದ ಮಾತು, ಇದು ನಮ್ಮ ಅಜ್ಜಿ ಹೇಳಿದ್ದು" ಎಂದು ಬಿಡಿಸಿ ಹೇಳತೊಡಗುತ್ತಾರೆ. ನನಗೆ ಹಂಪಿ ಅರ್ಥವಾಗತೊಡಗಿದ್ದು ಅಂಥ ಒಬ್ಬರಿಂದ.

ಹಂತ 5: ಮೊದಲ ದಿನದ ಬೆಳಗ್ಗೆ, ಹೊಳೆಯ ದಂಡೆಯ ಗುಡಿಗಳು

ಆಟೊ ಬೇಡ, ಇಡೀ ಬೆಳಗ್ಗೆ ನಡಿಗೆಯಲ್ಲೇ ಮುಗಿಯುತ್ತದೆ. ವಿರೂಪಾಕ್ಷ ದೇವಸ್ಥಾನದಿಂದ ಶುರು ಮಾಡಿ. ಪೂಜೆ ನಡೆಯುವ ಗುಡಿ ಇದು, ಮಧ್ಯಾಹ್ನ ಕೆಲಹೊತ್ತು ಮುಚ್ಚುತ್ತದೆ. ಆದ್ದರಿಂದ ಇದನ್ನು ಕೊನೆಗೆ ಇಟ್ಟುಕೊಂಡವರು ಬೀಗ ನೋಡಿ ಹಿಂದಿರುಗುತ್ತಾರೆ. ಸುಮಾರು 50 ಮೀಟರ್ ಎತ್ತರದ ಪೂರ್ವ ಗೋಪುರ ದಾಟಿ ಒಳಗೆ ಹೋದರೆ ಕೃಷ್ಣದೇವರಾಯ ಪಟ್ಟಾಭಿಷೇಕದ ನೆನಪಿಗೆ 1510ರಲ್ಲಿ ಕಟ್ಟಿಸಿದ ರಂಗಮಂಟಪವಿದೆ. ಅಲ್ಲಿ ತಲೆಯೆತ್ತಿ ನೋಡಿ: ಚಾವಣಿಯ ಚಿತ್ರಗಳಲ್ಲಿ ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆಯಿದೆ. ಟಾರ್ಚಿನ ಬೆಳಕನ್ನು ಚಿತ್ರಗಳ ಮೇಲೆ ಬಿಡಬೇಡಿ. ಅದು ಕತ್ತಲ ಮೊಗಸಾಲೆಗಳಲ್ಲಿ ಕಾಲ ಕೆಳಗೆ ನೋಡಿಕೊಳ್ಳಲು. ಗರ್ಭಗುಡಿಯ ಹಿಂಭಾಗದ ಕತ್ತಲ ಕೋಣೆಯಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಗೋಡೆಯ ಮೇಲೆ ಬೀಳುತ್ತದೆ. ಚಿಕ್ಕ ಕಿಂಡಿಯಲ್ಲಿ ಹಾದ ಬೆಳಕು ಅಡ್ಡ ಹಾಯ್ದು ಮೇಲಿನದು ಕೆಳಗೆ, ಕೆಳಗಿನದು ಮೇಲೆ ಬರುವುದೇ ಕಾರಣ. ಮಕ್ಕಳಿದ್ದರೆ ಇಲ್ಲಿ ಹತ್ತು ನಿಮಿಷ ಹೆಚ್ಚು ಕೊಡಿ.

ಅಲ್ಲಿಂದ ಹೇಮಕೂಟ ಹತ್ತಿ. ಏರು ಹೆಚ್ಚೇನಿಲ್ಲ. ಮೇಲೆ ನಿಂತು ಗೈಡ್‌ಗೆ ಹೇಳಿ: ನಾಳೆ ನೋಡಬೇಕಾದದ್ದು ಎಲ್ಲಿದೆ, ಹೊಳೆ ಎತ್ತ ಹರಿಯುತ್ತದೆ, ಮಾತಂಗ ಪರ್ವತ ಯಾವುದು, ಹೊಳೆಯಾಚೆಯ ಆನೆಗೊಂದಿ ಯಾವ ಕಡೆಗಿದೆ ಎಂದು ಕೈ ಮಾಡಿ ತೋರಿಸಲಿ. ನಕ್ಷೆಯನ್ನು ತೆರೆದು ದಿಕ್ಕಿಗೆ ಸರಿಯಾಗಿ ತಿರುಗಿಸಿ ಹಿಡಿಯಿರಿ. ಇಲ್ಲಿ ಕಳೆಯುವ ಕಾಲು ಗಂಟೆ ಮುಂದಿನ ಎರಡು ದಿನಕ್ಕೂ ದಿಕ್ಕು ಕೊಡುತ್ತದೆ, ಇದನ್ನು ಮಾತ್ರ ಬಿಡಬೇಡಿ.

ಇಳಿಜಾರಿನಲ್ಲಿ ಸಾಸಿವೆಕಾಳು ಗಣೇಶ, ಕಡಲೆಕಾಳು ಗಣೇಶ. ಮುಂದೆ ಕೃಷ್ಣ ದೇವಸ್ಥಾನ, ಅದರೆದುರು ಕೃಷ್ಣ ಬಜಾರು. ಈ ಗುಡಿಯ ಬಾಲಕೃಷ್ಣ ವಿಗ್ರಹ ಈಗ ಚೆನ್ನೈ ವಸ್ತುಸಂಗ್ರಹಾಲಯದಲ್ಲಿದೆ. ಕೊನೆಗೆ 6.7 ಮೀಟರ್ ಎತ್ತರದ ನರಸಿಂಹ, ಪಕ್ಕದಲ್ಲೇ ನೀರಿನಲ್ಲಿ ನಿಂತ ಬಡವಿಲಿಂಗ. ನರಸಿಂಹನನ್ನು ಎಲ್ಲರೂ ಉಗ್ರನರಸಿಂಹ ಎನ್ನುತ್ತಾರೆ. ಆದರೆ 1528ರಲ್ಲಿ ಕಡೆದಾಗ ತೊಡೆಯ ಮೇಲೆ ಲಕ್ಷ್ಮಿ ಕುಳಿತಿದ್ದಳು. ಒಡೆದು ಹೋದ ಮೂರ್ತಿಯಲ್ಲಿ ಅವಳ ಕೈ ಇಂದಿಗೂ ದೇವರ ಬೆನ್ನನ್ನು ಬಳಸಿಕೊಂಡಿದೆ. ಗೈಡ್ ಅದನ್ನು ತೋರಿಸದಿದ್ದರೆ ಕೇಳಿ ತೋರಿಸಿಕೊಳ್ಳಿ. ಅಮ್ಮ ಅದನ್ನು ನೋಡಿದ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಇಲ್ಲಿಂದ ಹೊರಡುವ ಮೊದಲು ರಸ್ತೆಬದಿಯ ಬಾಳೆತೋಟಗಳನ್ನು ಗಮನಿಸಿ. ಬಡವಿಲಿಂಗದ ಪಾದಕ್ಕೂ ಈ ತೋಟಗಳಿಗೂ ನೀರು ಬರುವುದು ಕಾಲುವೆಯಿಂದ. ವಿಜಯನಗರ ಕಾಲದ ತುರ್ತಾ ಕಾಲುವೆಯಲ್ಲಿ ಇಂದಿಗೂ ನೀರು ಹರಿಯುತ್ತಿದೆ, ರೈತರು ಇಂದಿಗೂ ಬೆಳೆ ತೆಗೆಯುತ್ತಿದ್ದಾರೆ. ಗುಡಿಗಳ ಭಾಗಕ್ಕೂ ಅರಮನೆಯ ಭಾಗಕ್ಕೂ ನಡುವಿನ ಹಸಿರು ಕಣಿವೆ ಇದೇ. ಪ್ರವಾಸಿಗರು ಇದನ್ನು ಆಟೊದಲ್ಲಿ ದಾಟಿಬಿಡುತ್ತಾರೆ, ಯಾವ ಫಲಕವೂ ಇಲ್ಲದ ಕಾರಣಕ್ಕೆ.

ಹಂತ 6: ಮೊದಲ ದಿನದ ಮಧ್ಯಾಹ್ನ, ಕಮಲಾಪುರ

ಹನ್ನೆರಡರಿಂದ ಮೂರರವರೆಗೆ ಬಂಡೆಗಳ ಮೇಲೆ ಇರಬೇಡಿ. ಊಟ ಮುಗಿಸಿ ವಸ್ತುಸಂಗ್ರಹಾಲಯಕ್ಕೆ ಹೋಗಿ. ಅಲ್ಲಿ ಹಂಪಿಯ ಗುಡ್ಡ, ಹೊಳೆ, ಗುಡಿಗಳನ್ನೆಲ್ಲ ತೋರಿಸುವ ದೊಡ್ಡ ಮಾದರಿಯಿದೆ. ಬೆಳಗ್ಗೆ ನಡೆದ ದಾರಿಯನ್ನು ಅದರಲ್ಲಿ ಬೆರಳಿಟ್ಟು ಗುರುತಿಸಿ. ಮೊದಲೇ ಬಂದು ನೋಡಿದರೆ ಅದು ಬರೀ ಆಟಿಕೆಯಂತೆ ಕಾಣುತ್ತದೆ. ಕಾಲು ನೋಯಿಸಿಕೊಂಡು ಬಂದು ನೋಡಿದವರಿಗೆ ಮಾತ್ರ ಗುಡ್ಡದ ಏರು, ಕಣಿವೆಯ ಇಳಿಜಾರು ಅರ್ಥವಾಗುತ್ತದೆ.

ಸಂಜೆ ಮಾಲ್ಯವಂತ ರಘುನಾಥ ದೇವಸ್ಥಾನದ ಗುಡ್ಡದಲ್ಲಿ ಸೂರ್ಯಾಸ್ತ ನೋಡಬಹುದು. ಕಮಲಾಪುರಕ್ಕೆ ಹತ್ತಿರ, ಬಹುತೇಕ ಮೇಲಿನವರೆಗೆ ವಾಹನ ಹೋಗುತ್ತದೆ, ಹಿರಿಯರಿಗೂ ಕಷ್ಟವಿಲ್ಲ.

ಹಂತ 7: ಎರಡನೇ ದಿನದ ಬೆಳಗ್ಗೆ, ವಿಠ್ಠಲ ದೇವಸ್ಥಾನ

ಟಿಕೆಟ್ ವಿಷಯ ಮೊದಲು. ವಿಠ್ಠಲ ದೇವಸ್ಥಾನದಲ್ಲಿ ಕೊಳ್ಳುವ ಟಿಕೆಟ್ (ಭಾರತೀಯರಿಗೆ 40 ರೂಪಾಯಿ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಉಚಿತ) ಅದೇ ದಿನ ಕಮಲ ಮಹಲ್ ಮತ್ತು ಆನೆ ಲಾಯ ಇರುವ ಜನಾನಾ (ಅಂತಃಪುರ) ಆವರಣಕ್ಕೂ ಸಲ್ಲುತ್ತದೆ. ಮರುದಿನಕ್ಕೆ ಸಲ್ಲುವುದಿಲ್ಲ. ಇವೆರಡನ್ನೂ ಒಂದೇ ದಿನಕ್ಕೆ ಇಟ್ಟಿರುವುದು ಅದಕ್ಕೇ. ಟಿಕೆಟನ್ನು ಜೇಬಿನಲ್ಲಿ ಜೋಪಾನವಾಗಿಡಿ. ನಾವು ಮೊದಲ ಸಲ ಹೋದಾಗ ರಥ ನೋಡಿ ಹೊರಬಂದ ಕೂಡಲೇ ಟಿಕೆಟ್ ಎಸೆದಿದ್ದೆವು, ಜೊತೆಯಲ್ಲಿದ್ದವರು ಎಚ್ಚರಿಸಲೂ ಇಲ್ಲ. ಸಂಜೆ ಆನೆ ಲಾಯದ ಬಾಗಿಲಲ್ಲಿ ಮತ್ತೆ ದುಡ್ಡು ಕೊಟ್ಟೆವು.

ಹೋಗುವ ದಾರಿ ಎರಡು. ನಡೆಯಬಲ್ಲವರು ವಿರೂಪಾಕ್ಷ ಬಜಾರಿನ ಪೂರ್ವ ತುದಿಯಿಂದ ಹೊಳೆಯ ಪಕ್ಕದ ಕಾಲುದಾರಿ ಹಿಡಿಯಲಿ. ಸುಮಾರು ಎರಡು ಕಿಲೋಮೀಟರ್. ಕೋದಂಡರಾಮ ದೇವಸ್ಥಾನ, ಪುರಂದರ ಮಂಟಪ, ತುಲಾಭಾರದ ಕಲ್ಲುಕಂಬಗಳು ದಾರಿಯಲ್ಲೇ ಸಿಗುತ್ತವೆ. ಸೂರ್ಯ ಹುಟ್ಟಿದ ಮೇಲೆ ಹೊರಟರೆ ದೇವಸ್ಥಾನ ತೆರೆಯುವ ಹೊತ್ತಿಗೆ ಮುಟ್ಟುತ್ತೀರಿ. ಹೊಳೆಯಲ್ಲಿ ನೀರು ಏರಿದ್ದರೆ ಬಜಾರಿನ ತುದಿಯ ಎದುರು ಬಸವಣ್ಣನ (ದೊಡ್ಡ ನಂದಿಯ) ಪಕ್ಕದ ಮೆಟ್ಟಿಲು ಹತ್ತಿ, ಅಚ್ಯುತರಾಯ ದೇವಸ್ಥಾನದ ಕಡೆಯಿಂದ ಬಳಸಿ ಬನ್ನಿ. ಕತ್ತಲಲ್ಲಿ ಒಬ್ಬರೇ ಈ ದಾರಿಗಳಲ್ಲಾಗಲಿ ಮಾತಂಗ ಪರ್ವತಕ್ಕಾಗಲಿ ಹೋಗಬೇಡಿ. ಹೊಳೆಗೆ ಈಜಲು ಇಳಿಯಲೇಬೇಡಿ. ಮೇಲೆ ಶಾಂತವಾಗಿ ಕಂಡರೂ ಬಂಡೆಗಳ ನಡುವೆ ಸುಳಿಗಳಿವೆ.

ನಡೆಯಲಾಗದವರು ರಸ್ತೆಯಲ್ಲಿ ಕಮಲಾಪುರ, ತಳವಾರಘಟ್ಟದ ಮೇಲೆ ಸುತ್ತಿ ಬರಬೇಕು. ವಾಹನ ನಿಲುಗಡೆಯಿಂದ ದೇವಸ್ಥಾನಕ್ಕೆ ಸುಮಾರು ಒಂದು ಕಿಲೋಮೀಟರ್, ಅಲ್ಲಿ ಬ್ಯಾಟರಿ ವಾಹನಗಳಿವೆ. ಕಾಲು ಗಟ್ಟಿಯಿದ್ದರೆ ಹೋಗುವಾಗ ಇದನ್ನೂ ನಡೆದೇ ಹೋಗಿ, ಬರುವಾಗ ವಾಹನ ಹತ್ತಿ. ಏಕೆಂದರೆ ಈ ದಾರಿಯೇ ಹಳೆಯ ವಿಠ್ಠಲ ಬಜಾರು. ಇಕ್ಕೆಲದ ಕಂಬಸಾಲುಗಳು, ಪುಷ್ಕರಣಿ, ಕುದುರೆಗೊಂಬೆ ಮಂಟಪ ಎಲ್ಲವೂ ಇಲ್ಲಿವೆ. ಹೊಳೆಯ ಕಡೆಯಿಂದ ನಡೆದು ಬಂದವರು ನಿಮ್ಮ ಆಟೊಗೆ ಈ ನಿಲುಗಡೆಗೇ ಬಂದು ಕಾಯುವಂತೆ ಹಿಂದಿನ ದಿನವೇ ಹೇಳಿಡಿ. ಇದನ್ನು ಮರೆತವರು ಬಿಸಿಲಿನಲ್ಲಿ ಅದೇ ದಾರಿ ಹಿಂದಕ್ಕೆ ನಡೆಯುತ್ತಾರೆ.

ಒಳಗೆ ಹೋದ ಕೂಡಲೇ ರಥದ ಮುಂದೆ ಫೋಟೊಗೆ ನಿಲ್ಲಬೇಡಿ. ಮೊದಲು ಅಂಗಳದ ಸುತ್ತ ಒಂದು ಪ್ರದಕ್ಷಿಣೆ ಹಾಕಿ. ಐವತ್ತು ರೂಪಾಯಿ ನೋಟಿನ ಮೇಲಿರುವ ಆ ರಥ ನಿಜಕ್ಕೂ ಗರುಡನ ಗುಡಿ, ದೇವರಿಗೆ ಎದುರಾಗಿ ನಿಂತಿದೆ. ಈ ಸಂಬಂಧ ಕಂಡ ಮೇಲೆ ಫೋಟೊ ತೆಗೆದರೆ ಅದರಲ್ಲಿ ಏನು ಸೇರಬೇಕೆಂದು ನಿಮಗೇ ತಿಳಿಯುತ್ತದೆ. ರಥದ ಸುತ್ತಲಿನ ತಡೆ ದಾಟಬೇಡಿ. ರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಕಾನೂನಿನಲ್ಲಿ ಅವಕಾಶವಿದೆ. 2019ರಲ್ಲಿ ಆನೆ ಲಾಯದ ಹಿಂದಿನ ಗುಡಿಯೊಂದರ ಕಂಬ ಕೆಡವಿದ ಯುವಕರಿಂದಲೇ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಟ್ರೈಪಾಡ್, ಡ್ರೋನ್‌ಗಳಿಗೆ ಮೊದಲೇ ಅನುಮತಿ ಬೇಕು.

ಹಂತ 8: ಎರಡನೇ ದಿನದ ಮಧ್ಯಾಹ್ನದಿಂದ, ಅರಮನೆಯ ಭಾಗ

ಮೂರು ಗಂಟೆಗೆ ಜನಾನಾ ಆವರಣದಿಂದ ಶುರು ಮಾಡಿ. ಟಿಕೆಟ್ ಇರುವ ಜಾಗವಾದ್ದರಿಂದ ಇದನ್ನು ಕೊನೆಯ ಗಳಿಗೆಗೆ ತಳ್ಳುವಂತಿಲ್ಲ. ಕಮಲ ಮಹಲ್, ಹನ್ನೊಂದು ಅಂಕಣಗಳ ಆನೆ ಲಾಯ ಮುಗಿಸಿ ಹಜಾರರಾಮ ದೇವಸ್ಥಾನಕ್ಕೆ ನಡೆಯಿರಿ.

ಹಜಾರರಾಮದಲ್ಲಿ ಆತುರ ಬೇಡ. ಆವರಣದ ಗೋಡೆಯ ಹೊರಮೈಯಲ್ಲಿ ಆನೆ, ಕುದುರೆ, ಕಾಲಾಳು, ನರ್ತಕಿಯರ ಮೆರವಣಿಗೆ ಸಾಲು ಸಾಲಾಗಿದೆ. ಒಳಗಿನ ಗುಡಿಯ ಗೋಡೆಯಲ್ಲಿ ರಾಮಾಯಣ ಮೂರು ಸಾಲುಗಳಲ್ಲಿ ಸುತ್ತುತ್ತದೆ. ಕಥೆ ಎಲ್ಲಿ ಆರಂಭವಾಗುತ್ತದೆ ಎಂದು ಗೈಡ್‌ಗೆ ಕೇಳಿ, ಅಲ್ಲಿಂದ ಪ್ರದಕ್ಷಿಣೆಯಾಗಿ ಸುತ್ತುತ್ತಾ ಓದಿ. ಕಥೆ ಗೊತ್ತಿರುವ ಹಿರಿಯರು ಜೊತೆಯಲ್ಲಿದ್ದರೆ ಗೈಡ್ ಸ್ವಲ್ಪ ಹೊತ್ತು ಸುಮ್ಮನಿರಲಿ, ಅಜ್ಜಿಯೇ ಮೊಮ್ಮಕ್ಕಳಿಗೆ ಹೇಳಲಿ.

ಮುಂದೆ ಎತ್ತರದ ಕಲ್ಲಿನ ಜಗತಿಯಾದ ಮಹಾನವಮಿ ದಿಬ್ಬ. ಇಳಿಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಬಂದರೆ ದಿಬ್ಬದ ಬದಿಯ ಕೆತ್ತನೆಗಳು ಎದ್ದು ಕಾಣುತ್ತವೆ, ನಡುಹಗಲಿನಲ್ಲಿ ಅವು ಚಪ್ಪಟೆ. ಮೇಲೆ ಹತ್ತಿ ನಿಂತು ಹೇಮಕೂಟದ ಕಡೆ, ವಿಠ್ಠಲದ ಕಡೆ ಕೈ ತೋರಿಸಲು ಈ ಸಲ ನೀವೇ ಪ್ರಯತ್ನಿಸಿ, ತಪ್ಪಿದರೆ ಗೈಡ್ ತಿದ್ದಲಿ.

ಪಕ್ಕದಲ್ಲೇ 1980ರ ದಶಕದ ಉತ್ಖನನದಲ್ಲಿ ಹೊರಬಂದ ಮೆಟ್ಟಿಲುಗಳ ಪುಷ್ಕರಣಿ ಇದೆ. ಮೇಲಿನಿಂದ ಫೋಟೊ ತೆಗೆದು ಹೊರಡುವವರೇ ಹೆಚ್ಚು. ಗೈಡ್‌ಗೆ ಹೇಳಿ ಕಲ್ಲುಗಳ ಮೇಲಿನ ಅಕ್ಷರಗಳನ್ನು ತೋರಿಸಿಕೊಳ್ಳಿ. ಯಾವ ಕಲ್ಲು ಯಾವ ದಿಕ್ಕಿಗೆ, ಎಲ್ಲಿ ಕೂರಬೇಕು ಎಂದು ಕೆಲಸಗಾರರು ಗುರುತು ಹಾಕಿಟ್ಟಿದ್ದಾರೆ, ಕನ್ನಡದಲ್ಲಿ. ಬೇರೆಡೆ ಕಡೆದು ತಂದು ಇಲ್ಲಿ ಜೋಡಿಸಿದ ಕಲ್ಲುಗಳು ಎನ್ನುವುದಕ್ಕೆ ಅದೇ ಸಾಕ್ಷಿ. ಅರಸರ ಹೆಸರನ್ನು ಹೇಳುವ ಶಾಸನಗಳು ಹಂಪಿಯ ತುಂಬ ಇವೆ, ಕೆಲಸಗಾರನ ಕೈಬರಹ ಇಷ್ಟು ಹತ್ತಿರದಿಂದ ಕಾಣುವುದು ಇಲ್ಲಿ. ಬೆಳಕು ಉಳಿದಿದ್ದರೆ ರಾಣಿಯರ ಸ್ನಾನಗೃಹವನ್ನೂ ನೋಡಿ; ಇಲ್ಲದಿದ್ದರೆ ಬಿಡಿ, ಪುಷ್ಕರಣಿಯ ಮುಂದೆಯೇ ಕುಳಿತಿರಿ.

ಒಂದೇ ದಿನ ಇರುವವರಿಗೆ

ಎರಡು ದಿನದ್ದನ್ನು ಒಂದಕ್ಕೆ ತುರುಕಬೇಡಿ. ಬೆಳಗ್ಗೆ ವಿರೂಪಾಕ್ಷ ಮತ್ತು ಹೇಮಕೂಟ, ಹತ್ತರೊಳಗೆ ವಿಠ್ಠಲ, ಮೂರರ ನಂತರ ಜನಾನಾ ಆವರಣ, ಹಜಾರರಾಮ, ದಿಬ್ಬ, ಪುಷ್ಕರಣಿ. ಗಣೇಶ, ನರಸಿಂಹ, ಕೃಷ್ಣ ದೇವಸ್ಥಾನಗಳನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಿ. ಆನೆಗೊಂದಿ, ಅಂಜನಾದ್ರಿ ಬೆಟ್ಟವನ್ನು ಸೇರಿಸುವ ಆಸೆ ಬೇಡವೇ ಬೇಡ. ಬೆಟ್ಟಕ್ಕೆ 575 ಮೆಟ್ಟಿಲುಗಳಿವೆ, ಹೊಳೆ ದಾಟಿ ಹೋಗಿ ಬರುವುದಕ್ಕೆ ಅರ್ಧ ದಿನ ಬೇಕು.

ಗೈಡ್‌ಗೆ ಹಣವನ್ನು ಕೊನೆಯ ಜಾಗದಲ್ಲಿ, ಮೊದಲು ಮಾತಾಡಿದಷ್ಟೇ ಕೊಡಿ. ಚೆನ್ನಾಗಿ ಹೇಳಿದ್ದರೆ ಮೇಲೊಂದಿಷ್ಟು ಸೇರಿಸಿ, ಅವರ ಫೋನ್ ನಂಬರ್ ಬರೆದುಕೊಳ್ಳಿ. ಮುಂದಿನ ಸಲ ಹೊರಡುವ ಮುನ್ನ ಅವರಿಗೇ ಕರೆ ಮಾಡಿ, ಹೊಳೆಯಲ್ಲಿ ನೀರೆಷ್ಟಿದೆ ಎಂದು ಕೇಳಿಕೊಂಡು ಹೊರಡಬಹುದು.